ಜಾಮೀನು ಆದ ಮೇಲೆ

“ಜಾಮೀನು ಆಗ್ಯದ ಅಂತ ಕುಣೀಬ್ಯಾಡ, ಸೂಳಿಮಗಳ! ನಿನ್ನ ಗಂಡನ ಸಲುವಾಗಿ ಸಹಿ ಹಾಕಾಕ ಈ ಪುಣೆದಾಗ ಒಂದು ನಾಯಿನೂ ಬರಂಗಿಲ್ಲ.”

ಕೋರ್ಟಿನ ಚಹಾದಂಗಡಿ ಮುಂದೆ ಅಪ್ಪಾಸಾಹೇಬ ಒದರಿದಾಗ ಕರಿಕೋಟಿನವರು ತಿರುಗಿ ನೋಡಿದರು. ಶಿವಬಸವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅಪ್ಪಾಸಾಹೇಬ ಬೆಳಗಾವಿ ಕಡೆಯವನು, ಹಿಂಜವಾಡಿಯಲ್ಲಿ ಏಳುತ್ತಿರುವ ಕಟ್ಟಡವೊಂದರ ಗುತ್ತಿಗೆದಾರ. ಅವಳೂ ಗಂಡ ಮಾರ್ತಾಂಡನೂ ಅವನ ಕೈಕೆಳಗೆ ದುಡಿಯುವವರು.

ಅವನ ಮಾತು ಸುಳ್ಳಾಗಿರಲಿಲ್ಲ. ಮಾರ್ತಾಂಡನನ್ನು ಬಿಡಲು ಕೋರ್ಟು ಒಪ್ಪಿತ್ತು. ಆದರೆ ಅವನು ತಾರೀಖಿಗೆಲ್ಲ ಹಾಜರಾಗುತ್ತಾನೆ, ಓಡಿಹೋದರೆ ದಂಡ ನಾನು ಕಟ್ಟುತ್ತೇನೆ ಎಂದು ಸ್ವಂತ ಮನೆಯಿದ್ದವನೊಬ್ಬ ಬರೆದುಕೊಡಬೇಕಿತ್ತು. ತಗಡಿನ ಶೆಡ್ಡುಗಳ ಸಾಲಿನಲ್ಲಿ ಯಾರಿಗೆ ಮನೆ? ಜಾಮೀನು ಸಿಕ್ಕವನು ಯರವಡಾ ಜೈಲಿನಲ್ಲೇ ಉಳಿದಿದ್ದ.

ಅವನು ಮಾಡಿದ್ದಿಷ್ಟು: ತೂಗುಹಲಗೆಯ ಹಗ್ಗ ಹರಿದು ಜೊತೆಯ ಕೂಲಿ ಭೀಮಶಾ ಮೇಲಿನಿಂದ ಬಿದ್ದು ಸತ್ತಾಗ, ಪೊಲೀಸರು ಬರುವ ಮೊದಲೇ ಹೆಣ ಸಾಗಿಸಲು ಅಪ್ಪಾಸಾಹೇಬ ಟೆಂಪೊ ತರಿಸಿದ್ದ. ಮಾರ್ತಾಂಡ ಅವನ ಕೊರಳಪಟ್ಟಿ ಹಿಡಿದ. ಕೇಸಿನಲ್ಲಿ ಮಾತ್ರ ಕಬ್ಬಿಣದ ಸರಳಿನಿಂದ ಹೊಡೆದ ಎಂದಾಯಿತು.

ಅಪ್ಪಾಸಾಹೇಬ ದನಿ ತಗ್ಗಿಸಿದ. “ನನ್ನ ಕಾರಕೂನ ಮಧುಕರಂದು ಸ್ವಂತ ಫ್ಲ್ಯಾಟ್ ಅದ. ಅಂವ ಜಾಮೀನು ನಿಲ್ತಾನ. ನೀ ನಾಳೆ ಠಾಣೇಕ ಬಂದು ಒಂದು ಮಾತು ಹೇಳು, ಭೀಮ್ಯಾ ಅವತ್ತ ಕುಡದಿದ್ದ ಅಂತ. ಸಂಜೀಕ ಗಂಡ ಮನ್ಯಾಗ.”

ಅವಳು ಅಲ್ಲಿಂದ ನೇರ ಜೈಲಿಗೆ ಹೋದಳು. ಗಾಜಿನಾಚೆ ಮಾರ್ತಾಂಡ ಫೋನು ಹಿಡಿದು ಕೆಮ್ಮುತ್ತಿದ್ದ. ಎಲ್ಲ ಕೇಳಿದ.

“ಹೇಳಿಬಿಡು. ಸತ್ತಾಂವ ಎದ್ದು ಬರತಾನೇನ?”

“ಭೀಮಶಾನ್ನ ಕುಡುಕ ಅಂದ್ರ ಚಂದಮ್ಮಗ ಪರಿಹಾರ ಬರಂಗಿಲ್ಲಂತ. ಆಕಿ ಮಾರಿ ಹ್ಯಾಂಗ ನೋಡ್ಲಿ?”

“ಇಲ್ಲಿ ಒಬ್ಬನ ಕಾಲು ಇನ್ನೊಬ್ಬನ ಮಾರಿ ಮ್ಯಾಲೆ. ನಿದ್ದಿಲ್ಲ. ನಾ ಇಲ್ಲೇ ಸಾಯ್ಲೇನ? ಹೇಳು, ನಿನ್ನ ಕಾಲು ಬೀಳ್ತೀನಿ.”

ಅಪ್ಪಾಸಾಹೇಬನ ಕೊರಳಪಟ್ಟಿ ಹಿಡಿದಿದ್ದ ಗಂಡಸು ಹಾಗೆ ಅತ್ತದ್ದನ್ನು ಅವಳು ಮೊದಲ ಸಲ ಕಂಡಳು.

ಭೀಮಶಾನ ಹೆಂಡತಿ ಚಂದಮ್ಮ ಇದ್ದದ್ದು ಪಕ್ಕದ ಶೆಡ್ಡಿನಲ್ಲಿ. ಸಂಜೆ ಶಿವಬಸವ್ವನ ಮುಂದೆ ರೊಟ್ಟಿ ಇಟ್ಟು ಅವಳೇ ಅಂದಳು: “ಹೇಳವ್ವ, ಹೇಳು. ನಿನ್ನಾಂವ ಇನ್ನ ಉಸಿರಾಡತಾನ.” ಆಮೇಲೆ ಬೆನ್ನು ತಿರುಗಿಸಿ ಒಲೆ ಊದತೊಡಗಿದಳು. ಬೆಂಕಿ ಆಗಲೇ ಹೊತ್ತಿತ್ತು.

ಮರುದಿನ ಠಾಣೆಯಲ್ಲಿ ಫೌಜದಾರ ಪೆನ್ನು ಹಿಡಿದು ಕೂತಿದ್ದ. ಮಧುಕರ ಫ್ಲ್ಯಾಟಿನ ಕಾಗದಗಳನ್ನು ಬಗಲಲ್ಲಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ.

“ಸಾಹೇಬ್ರು ಕೇಳಾಕ ಹತ್ಯಾರ,” ಎಂದ ಅಪ್ಪಾಸಾಹೇಬ. “ಭೀಮ್ಯಾ ಕುಡದಿದ್ದ, ಹೌದಲ್ಲ?”

ಶಿವಬಸವ್ವ ಅವನತ್ತ ನೋಡದೆ ಫೌಜದಾರನಿಗೇ ಹೇಳಿದಳು:

“ನಹೀ, ಸಾಹೇಬ್.”

ಗೊತ್ತಿದ್ದಷ್ಟು ಹಿಂದಿಯಲ್ಲಿ ಎಲ್ಲ ಹೇಳಿದಳು. ಭೀಮಶಾ ಕುಡಿದಿರಲಿಲ್ಲ. ಹಗ್ಗ ಲಡ್ಡಾಗಿದೆ ಎಂದು ತನ್ನ ಗಂಡ ಹೇಳಿದ್ದ. ಇದೊಂದು ಗೋಡೆ ಮುಗಿಸಿರಿ ಎಂದು ಈ ಅಪ್ಪಾಸಾಹೇಬನೇ ಭೀಮಶಾನನ್ನು ಹತ್ತಿಸಿದ್ದ.

“ಹಲ್ಕಟ್ ರಂಡಿ! ನಿನ್ನ ಗಂಡನ ಹೆಣಾನೂ ಹೊರಗ ಬರಂಗಿಲ್ಲ, ನೋಡ್ತಿರು!”

ಫೌಜದಾರನ ಪೆನ್ನು ನಿಂತಿತ್ತು. ಶಿವಬಸವ್ವ ಮೇಜಿನ ಮೇಲೆ ಎರಡೂ ಕೈ ಊರಿದಳು.

“ಬರಕೋರಿ ಸಾಹೇಬ್ರ. ಲಿಖೋ. ಬರಕೊಳ್ಳೂತನಕ ನಾ ಹೋಗಂಗಿಲ್ಲ.”

ಮಧುಕರ ಕಾಗದಗಳೊಂದಿಗೆ ಮೆಲ್ಲನೆ ಹೊರಗೆ ಹೋದ.

ಅವಳು ಮರಳುವಷ್ಟರಲ್ಲಿ ಪಾತ್ರೆಗಳೂ ಹಾಸಿಗೆಯೂ ರಸ್ತೆಗೆ ಬಿದ್ದಿದ್ದವು. ಚಂದಮ್ಮ ಅವುಗಳನ್ನು ಕಾಯುತ್ತ ಕೂತಿದ್ದಳು, ಜೊತೆಗೆ ತನ್ನ ಗಂಟನ್ನೂ ಕಟ್ಟಿಕೊಂಡು. ಸರ್ಕಾರ ಕೊಟ್ಟ ವಕೀಲೆ ಸುರಭಿ, ಬಡವನಾದ್ದರಿಂದ ಮಾರ್ತಾಂಡನನ್ನು ಅವನ ಸ್ವಂತ ಮುಚ್ಚಳಿಕೆಯ ಮೇಲೆಯೇ ಬಿಡಬೇಕೆಂದು ಅರ್ಜಿ ಹಾಕಿದಳು. ಅದಕ್ಕೂ ತಾರೀಖು ಬಿತ್ತು.

ಮುಂದಿನ ಭೇಟಿಯಲ್ಲಿ ಶಿವಬಸವ್ವ ಗಾಜಿನ ಮುಂದೆ ಕೂತು ಹೇಳಿದಳು: “ನಾ ಹೇಳಲಿಲ್ಲ. ಖರೇ ಇದ್ದದ್ದ ಹೇಳೀನಿ.”

ಮಾರ್ತಾಂಡ ಫೋನನ್ನು ಗಾಜಿಗೆ ಬಡಿದ. ಅವನ ಬೈಗುಳ ಈಚೆಗೆ ಕೇಳಿಸಲಿಲ್ಲ, ಬಾಯಿ ಮಾತ್ರ ಕಾಣುತ್ತಿತ್ತು. ಅವಳು ಕಣ್ಣು ತಗ್ಗಿಸಲಿಲ್ಲ. ಅವನು ಗಾಜಿಗೆ ಹಣೆ ಹಚ್ಚಿ ಬಹಳ ಹೊತ್ತು ಕೂತ. ಆಮೇಲೆ ಫೋನು ಎತ್ತಿಕೊಂಡ.

“ಫೌಜದಾರ ಬರಕೊಂಡನೇನ?”

“ಬರಕೊಂಡ. ನಿಂತು ಬರಸೀನಿ.”

ಅವನು ಏನನ್ನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಲೈನು ಕಡಿದುಹೋಯಿತು. ಸಿಪಾಯಿ ಅವನ ರಟ್ಟೆ ಹಿಡಿದು ಎಬ್ಬಿಸಿದ. ಸತ್ತ ಫೋನನ್ನು ಕಿವಿಗೆ ಒತ್ತಿಕೊಂಡು ಶಿವಬಸವ್ವ ಕೂತೇ ಇದ್ದಳು.