ತಪ್ಪಿನ ಕೇಕ್

"ಆಂಬುಲೆನ್ಸ್ ತಂಡಕ್ಕೆ ಬರ್ತೀಯಾ? ಶುಕ್ರವಾರದೊಳಗೆ ಹೇಳ್ಬಿಡು." ಇಷ್ಟು ಹೇಳಿ ಮೂರನೇ ಮಹಡಿಯ ತಂಡದ ಮುಖ್ಯಸ್ಥೆ ಗುಡ್ರುನ್ ಮೆಟ್ಟಿಲು ಹತ್ತಿ ಹೋದಳು. ಲೀವಾಳ ಎದೆ ಅವಲಕ್ಕಿ ಕುಟ್ಟತೊಡಗಿತು.

ಓರ್ಹುಸ್ ನಗರದ ಆ ಸಾಫ್ಟ್‌ವೇರ್ ಕಚೇರಿಗೆ ಅವಳು ಸೇರಿ ಮೂರು ವರ್ಷ. ಎರಡನೇ ಮಹಡಿಯಲ್ಲಿ ಗ್ರಂಥಾಲಯದ ತಂಡ. ಓದುಗರು ಪುಸ್ತಕ ಕಾದಿರಿಸುವ ಪುಟಗಳನ್ನು ನೋಡಿಕೊಳ್ಳುವುದು, ದಿನಾಂಕ ತಿದ್ದುವುದು, ನಾಲ್ಕಕ್ಕೆ ಸೈಕಲ್ ಹತ್ತಿ ಮನೆಗೆ ಹೋಗುವುದು. ನಿದ್ದೆಗಣ್ಣಲ್ಲೂ ಮಾಡಬಹುದಾದ ಕೆಲಸ. ಮೂರನೇ ಮಹಡಿಯದು ಹಾಗಲ್ಲ. ಅಪಘಾತದ ಕರೆ ಬಂದರೆ ಯಾವ ಆಂಬುಲೆನ್ಸ್ ಯಾವ ಬೀದಿಗೆ ಹೋಗಬೇಕೆಂದು ಹೇಳುವುದು ಅವರ ಕೋಡ್. ಅಲ್ಲಿ ಒಂದು ಸಾಲು ತಪ್ಪಿದರೆ ಜೀವವೇ ಹೋಗುತ್ತದೆ.

"ಹೋಗ್ಬೇಡ ಕಣೇ," ಎಂದ ಪಕ್ಕದ ಮೇಜಿನ ಪ್ರೇಬೆನ್. ಅರವತ್ತೊಂದು ದಾಟಿದವನು, ಅವಳಿಗೆ ಕೆಲಸ ಕಲಿಸಿದವನು. "ಇಲ್ಲಿ ಬೆಚ್ಚಗಿದೀಯ. ಮೂರು ವರ್ಷಕ್ಕೆ ಒಂದು ತಪ್ಪಿನ ಕೇಕೂ ತಂದಿಲ್ಲ ನೀನು. ನಿನ್ನಂಥ ಜಾಣೆ ಇನ್ಯಾರಿದಾರೆ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ಲೀವಾಗೆ.

ಆ ಕಚೇರಿಯಲ್ಲಿ ತಪ್ಪು ಮಾಡಿದವರು ಮಾರನೇ ದಿನ ತಾವೇ ಕೇಕ್ ಮಾಡಿ ತರಬೇಕು. ಕತ್ತರಿಸುವಾಗ ಏನು ಕೆಡಿಸಿದೆವೆಂದು ಹೇಳಬೇಕು. ಉಳಿದವರು ನಕ್ಕು ತಿನ್ನಬೇಕು. ಕೇಕ್ ಮುಗಿದರೆ ಮಾತೂ ಮುಗಿಯಿತು, ಆಮೇಲೆ ಯಾರೂ ಕೆದಕುವಂತಿಲ್ಲ. ಹೋದ ಮಾರ್ಚಿನಲ್ಲಿ ನಾನೂರು ಓದುಗರು ಕಾದಿರಿಸಿದ್ದ ಪುಸ್ತಕಗಳ ಪಟ್ಟಿ ಮಾಯವಾಗಿತ್ತು. ಹಿಂದಿನ ದಿನ ಅದೇ ಫೈಲನ್ನು ಪ್ರೇಬೆನ್ ಮುಟ್ಟಿದ್ದ, ಲೀವಾಳೂ ಮುಟ್ಟಿದ್ದಳು. ತಪ್ಪು ತನ್ನದೆಂದು ಅವಳಿಗೆ ಅರ್ಧ ಗಂಟೆಯಲ್ಲೇ ತಿಳಿಯಿತು. ಹೇಳೋಣ, ಹೇಳೋಣ ಎನ್ನುವಷ್ಟರಲ್ಲಿ ಪ್ರೇಬೆನ್, "ಅಯ್ಯೋ, ನನ್ನ ಕೈಯದೇ ಇರ್ಬೇಕು," ಎಂದುಬಿಟ್ಟ. ಮಾರನೇ ದಿನ ಕೊಬ್ಬರಿ ಕೇಕ್ ತಂದ. ಈ ಮಹಾತಾಯಿ ಬಾಯಿ ಮುಚ್ಚಿಕೊಂಡು ಎರಡು ಹೋಳು ತಿಂದಳು! ತಿನ್ನದಿದ್ದರೆ ಎಲ್ಲಿ ಅನುಮಾನ ಬಂದೀತೋ ಎಂಬ ಭಯ.

ಬುಧವಾರ ಅವಳು ಹೆದರುತ್ತಲೇ ಮೇಲೆ ಹೋದಳು. ಗೋಡೆಯ ಹಲಗೆಯಲ್ಲಿ ಎಲ್ಲರ ಹೆಸರು, ಎದುರಿಗೆ ತಂದ ಕೇಕುಗಳ ಗೀಟು. ಗುಡ್ರುನ್ ಹೆಸರಿನ ಮುಂದೆಯೇ ಎಲ್ಲಕ್ಕಿಂತ ಹೆಚ್ಚು.

"ಇಲ್ಲಿ ತಪ್ಪು ಕಂಡ ಹತ್ತು ನಿಮಿಷದಲ್ಲಿ ಬಾಯ್ಬಿಡ್ಬೇಕು," ಎಂದಳು ಗುಡ್ರುನ್. "ನೀನು ಒಂದು ಕೇಕೂ ತಂದಿಲ್ವಂತೆ. ಕೆಡಿಸೋ ಅಂಥ ದೊಡ್ಡ ಕೆಲಸ ಸಿಕ್ಕಿಲ್ಲ ಅಂತ ಅಂದ್ಕೊಂಡಿದೀನಿ. ಬೇರೆ ಕಾರಣ ಇದ್ರೆ ದಯವಿಟ್ಟು ಬರ್ಬೇಡ."

ಅಂದಿನಿಂದ ಬೀದಿಯಲ್ಲಿ ಆಂಬುಲೆನ್ಸ್ ಕೂಗಿದಾಗಲೆಲ್ಲ ಅವಳ ಜೀವ ಬಾಯಿಗೆ ಬರುತ್ತಿತ್ತು. ಒಲ್ಲೆ ಎಂದರೆ ಮುಗಿಯಿತು, ಎರಡನೇ ಮಹಡಿಯಲ್ಲಿ ಜಾಣೆಯಾಗಿಯೇ ಇರಬಹುದು. ಇನ್ನೂ ಹತ್ತು ವರ್ಷ ದಿನಾಂಕ ತಿದ್ದುತ್ತ, ಒಂದು ಸುಳ್ಳಿನ ಮೇಲೆ ಕೂತು! ಅದನ್ನು ನೆನೆದಾಗ ಆಂಬುಲೆನ್ಸ್ ಕೂಗಿಗಿಂತ ಹೆಚ್ಚು ಭಯವಾಯಿತು.

ಶುಕ್ರವಾರ ಇಡೀ ಕಚೇರಿ ಒಟ್ಟಿಗೆ ಬ್ರೆಡ್ಡು, ಚೀಸ್ ತಿನ್ನುವ ಹೊತ್ತಿಗೆ ಲೀವಾ ಕೊಬ್ಬರಿ ಕೇಕ್ ತಂದಿಟ್ಟಳು.

"ಬಂತಪ್ಪಾ, ಕೊನೆಗೂ ಬಂತು!" ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು.

ಲೀವಾ ಮೊದಲ ಹೋಳು ಕತ್ತರಿಸಿದಳು. "ಹೋದ ಮಾರ್ಚಿನ ಆ ನಾನೂರು ಜನರ ಪಟ್ಟಿ... ಅಳಿಸಿದ್ದು ನಾನು. ಪ್ರೇಬೆನ್ ಅಲ್ಲ. ಅವತ್ತೇ ಗೊತ್ತಿತ್ತು ನಂಗೆ."

ಯಾರೂ ನಗಲಿಲ್ಲ.

ಪ್ರೇಬೆನ್ ತಟ್ಟೆ ಕೆಳಗಿಟ್ಟ. "ವಯಸ್ಸಾಯ್ತು, ಬುದ್ಧಿ ಮಂಕಾಯ್ತು ಅಂದ್ಕೊಂಡೆ ನಾನು. ಅವತ್ತಿಂದ ದೊಡ್ಡ ಕೋಡ್ ಮುಟ್ಟಿಲ್ಲ. ಬರೋ ಬೇಸಿಗೇಲಿ ನಿವೃತ್ತಿ ಕೊಡಿ ಅಂತ ಬರ್ಕೊಟ್ಟೆ. ಪಕ್ಕದಲ್ಲಿ ಕೂತು ಆ ಅರ್ಜಿ ತುಂಬಿಸಿದ್ದು ನೀನೇ ಅಲ್ವೇನೇ?"

ಹೌದು, ಅವಳೇ. ಲೀವಾಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಗುಡ್ರುನ್ ಕಡೆ ತಿರುಗಿ, "ನಾನು ಬರ್ತೀನಿ ಅಂತ ಹೇಳೋಕೆ ಬಂದೆ. ಈಗ ನೀನೇ ಬೇಡ ಅಂದ್ರೂ ಸರಿ," ಎಂದಳು.

"ನನ್ನನ್ನ ಯಾಕೆ ಕೇಳ್ತೀಯ? ಅವನನ್ನ ಕೇಳು," ಎಂದಳು ಗುಡ್ರುನ್.

ಪ್ರೇಬೆನ್ ತನ್ನ ಲ್ಯಾಪ್‌ಟಾಪ್ ತೆರೆದು ಅವಳ ಮುಂದೆ ನೂಕಿದ. "ಆ ಸಾಲು ತೋರ್ಸು."

ಲೀವಾ ತೋರಿಸಿದಳು. ಅವನು ಕನ್ನಡಕ ಏರಿಸಿ ಒಮ್ಮೆ ಓದಿದ, ಒಂದೇ ಒಮ್ಮೆ. "ಇಲ್ಲಿ ಮೊದಲು ದಿನಾಂಕ ನೋಡ್ಬೇಕಿತ್ತು. ನೋಡದೇ ಅಳಿಸಿದೀಯ," ಎಂದ. ಆಮೇಲೆ ಅಂಗೈಯಿಂದ ಕಣ್ಣು ಮುಚ್ಚಿಕೊಂಡು ಕೂತ.

"ಕರ್ಕೊಂಡು ಹೋಗು ಇವಳನ್ನ," ಎಂದ ಗುಡ್ರುನ್‌ಗೆ, ಕೈ ತೆಗೆಯದೆಯೇ. "ಆ ನಿವೃತ್ತಿ ಅರ್ಜಿ ವಾಪಸ್ ತಗೊಳ್ಳೋಕೆ ಯಾರನ್ನ ಕೇಳ್ಬೇಕು, ಅದನ್ನ ಹೇಳಿ ಹೋಗ್ಲಿ."