ತೂಬಿನ ಹಲಗೆ

ತಮ್ಮ ಹಾರೆ ಹಾಕಿ ತೂಬಿನ ಹಲಗೆ ಮೀಟುವುದನ್ನು ಕಂಡು ಅಕ್ಕ ಕೊಟ್ಟಿಗೆಯಿಂದ ಬಿದ್ದಂಬೀಳ ಓಡಿಬಂದಳು.

ಕಟ್ಟೆಯಾಚೆ ಸಮುದ್ರ ಉಬ್ಬರದಲ್ಲಿತ್ತು. ಈಚೆ ಕಾಲುವೆ, ಅದರಾಚೆ ಮುನ್ನೂರು ವರ್ಷ ಉಪ್ಪು ಸೋಕದ ಹೊಲ. ಆ ಕಾರಣಕ್ಕೇ ಅದನ್ನು ಹಕ್ಕಿಗಳ ಸಂರಕ್ಷಿತ ಜಮೀನು ಮಾಡಲು ಸರ್ಕಾರ ಒಪ್ಪಿತ್ತು. ಇವತ್ತು ಮಣ್ಣಿನ ಪರೀಕ್ಷೆ. ಪಾಸಾದರೆ ಅಲ್ಲಿ ಯಾರೂ ಒಂದು ಇಟ್ಟಿಗೆ ಇಡುವಂತಿಲ್ಲ. ಫೇಲಾದರೆ ತಮ್ಮ ಕರೆತಂದ ಹೋಟೆಲಿನವರದ್ದೇ ದರ್ಬಾರು.

ಹಲಗೆ ಮೊಳದಷ್ಟು ಮೇಲೆದ್ದಿತ್ತು, ಅಡಿಗೆ ಕಲ್ಲು ಕೊಟ್ಟಿದ್ದ. ಉಪ್ಪುನೀರು ಕಾಲುವೆಗೆ ನುಗ್ಗುತ್ತಿತ್ತು.

"ಕಲ್ಲು ತೆಗೆಯೋ, ಮುಂಡೇದೆ!"

"ನಿಂಗೆ ಹಕ್ಕಿ ಸಾಕೋ ಹುಚ್ಚು. ನಾನೂ ಹಕ್ಕೀನೇ ಅಂದ್ಕೊಂಡು ಸಾಕಕ್ಕ, ನೋಡೋಣ."

ಅವಳು ಅವನ ಕೂದಲಿಗೆ ಕೈಹಾಕಿದಳು. ಅವನ ಮೊಣಕೈ ಬಾಯಿಗೆ ಬಡಿದು ಹಲ್ಲೊಂದು ಕಳಚಿತು. ಉಗಿದು, ಹಾರೆ ಕಿತ್ತುಕೊಂಡು ಅವನ ಮಂಡಿಗೆ ಬೀಸಿದಳು. ಕಾಲುವೆಗೆ ಬಿದ್ದವನು ತೆವಳಿ ಬಂದು ಹಲಗೆಯಡಿಗೆ ತೋಳು ತೂರಿಸಿದ.

"ಈಗ ಕಲ್ಲು ತೆಗಿ. ಒಡಹುಟ್ಟಿದವನ ಕೈ ಕಣೇ ಇದು!"

ಹನ್ನೆರಡು ವರ್ಷ ಪೇಟೆಯಲ್ಲಿದ್ದವನು. ಉಬ್ಬರದ ಹೊತ್ತಲ್ಲಿ ತೂಬಿಗೆ ಯಾರೂ ಕೈ ಹಾಕುವುದಿಲ್ಲ ಎನ್ನುವ ಈ ಮನೆಯ ಪಾಠ ಮರೆತಿದ್ದ.

ಅವಳು ಕಲ್ಲನ್ನು ಒದ್ದಳು.

ಎಲುಬು ಮುರಿದ ಸದ್ದು ನೀರಿನ ಸದ್ದಿಗಿಂತ ಜೋರಾಗಿ ಕೇಳಿತು. ನೀರು ಪೂರ್ತಿ ನಿಲ್ಲಲಿಲ್ಲ, ತೋಳಿನ ಎರಡೂ ಪಕ್ಕ ಚಿಮ್ಮುತ್ತಿತ್ತು. ಅವಳು ಜೇಡಿಮಣ್ಣು ತಂದು, ಹಲಗೆಯ ಸಂದಿಗೆ ದಿನಾ ಮೆತ್ತುವ ಹಾಗೆಯೇ ತೋಳಿನ ಸುತ್ತ ಮೆತ್ತಿದಳು. ತಮ್ಮ ಕಿರುಚುತ್ತಿದ್ದ.

"ಅಕ್ಕಾ, ಎತ್ತೇ! ದಮ್ಮಯ್ಯ, ಎತ್ತೇ!"

"ಸುಮ್ನಿರು. ಮಣ್ಣು ಉದುರುತ್ತೆ."

ಜೀಪಿನಿಂದಿಳಿದ ಅಧಿಕಾರಿ ಕಿರುಚಾಟ ಕೇಳಿ ಓಡಿಬಂದ. ಹಲಗೆಗೆ ಕೈಹಾಕಲು ಹೋದವನಿಗೆ ಹಾರೆಯ ಮೊನೆ ಎದುರಾಯಿತು.

"ಮೊದ್ಲು ಮಣ್ಣು ತಗೊಳ್ಳಿ ಸಾರ್."

"ಹುಚ್ಚಾ ನಿಮಗೆ? ಮನುಷ್ಯ ಸಾಯ್ತಿದ್ದಾನೆ!"

"ಹಾಗಾದ್ರೆ ಬೇಗ ತಗೊಳ್ಳಿ."

ಅವನು ಹೊಲದ ಐದು ಕಡೆ ಅಗೆದ. ಅವಸರದಲ್ಲಿ ಮಣ್ಣಿನ ಒಂದು ಡಬ್ಬಿ ಚೆಲ್ಲಿತು. ಅವಳು ಅದನ್ನು ಮತ್ತೆ ತುಂಬಿಸಿದಳು. ಐದಕ್ಕೂ ಮುಚ್ಚಳ ಬಿದ್ದ ಮೇಲೆ ಹಾರೆಯಿಂದ ಮೀಟಿ ಹಲಗೆ ಎತ್ತಿದಳು. ತೋಳು ಹೊರಬಂತು. ಮುಂಗೈ ಚರ್ಮವೊಂದರಲ್ಲೇ ಜೋತಾಡುತ್ತಿತ್ತು. ತಮ್ಮ ಮಗುಚಿ ಬಿದ್ದ.

ಅವನ ಕಡೆ ನೋಡುವ ಮೊದಲು ಅವಳು ಹಲಗೆಯನ್ನು ಕೆಳಗಿಳಿಸಿದಳು.