ಉಡಿಯೊಳಗಿನ ಪದಕ

ಕರೋನಾದ ವರ್ಷ ಖಾನಾಪುರದಲ್ಲಿ ಹೆತ್ತ ಮಕ್ಕಳೇ ಹೆಣ ಮುಟ್ಟಲು ಹೆದರಿ ಓಣಿಯ ತುದಿಗೆ ನಿಂತಾಗ, ಒಳಗೆ ಹೋಗಿ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ ಕಳಿಸಿಕೊಟ್ಟವಳು ಕಾಶವ್ವ. ಆಮೇಲೆ ಅದೇ ಜನ ಅವಳ ಕೈಯ ನೀರು ಕುಡಿಯಲು ಹಿಂದೆಮುಂದೆ ನೋಡಿದರು. ಸೊಸೆ ಪೂರ್ಣಿಮಾ ಅದನ್ನು ಮರೆತಿರಲಿಲ್ಲ.

ಹೆಸರಿಲ್ಲದ ಜನರನ್ನು ಗುರುತಿಸಲು ದೇಶ ಹೊಸದೊಂದು ಗೌರವ ಪದಕ ಶುರುಮಾಡಿದೆ, ಯಾರ ಹೆಸರನ್ನು ಯಾರು ಬೇಕಾದರೂ ಸೂಚಿಸಬಹುದು ಎಂದು ತಿಳಿದ ದಿನವೇ ಅವಳು ಮೊಬೈಲಿನಲ್ಲಿ ಅತ್ತೆಯ ಹೆಸರು ಕಳಿಸಿದಳು. ಆಯ್ಕೆಯೂ ಆಯಿತು. ಅಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ಅರಸ ಬಡವಿಯನ್ನು ಅಂಬಾರಿಯ ಮೇಲೆ ಕೂರಿಸುತ್ತಾನಲ್ಲ, ಹಾಗೇ ಆಗುತ್ತದೆಂದು ಬೆಳಗಾವಿ ಬಸ್ಸಿನುದ್ದಕ್ಕೂ ಪೂರ್ಣಿಮಾ ಕನಸು ಕಂಡಳು.

ಪದಕವೇನೋ ದಿಲ್ಲಿಯದು, ಕೊಡುವ ಸಮಾರಂಭ ಬೆಳಗಾವಿಯಲ್ಲಿ. ಅದಕ್ಕೂ ಮೊದಲು ಹೆಣ್ಣುಮಕ್ಕಳಿಗೆ ಉಡಿ ತುಂಬುವುದನ್ನು ಇಲ್ಲಿಯ ಸ್ವಾಗತ ಸಮಿತಿ ತಾನಾಗಿ ಸೇರಿಸಿತ್ತು. ಅಕ್ಕಿ, ಕೊಬ್ಬರಿ, ಕುಪ್ಪಸದ ಖಣವಿದ್ದ ತಾಟು ಹಿಡಿದು ವೇದಿಕೆಯ ಮೆಟ್ಟಿಲ ಬಳಿ ನಿಂತಿದ್ದ ಸಮಿತಿಯ ಗಂಗಾದೇವಿ, ಕಾಶವ್ವನ ಕುಂಕುಮವಿಲ್ಲದ ಹಣೆ ನೋಡಿ ತಡೆದಳು.

“ತಪ್ಪ ತಿಳ್ಕೋಬ್ಯಾಡ್ರಿ ಅವ್ವಾರ. ಉಡಿ ಮುತ್ತೈದೇರಿಗೆ ಅಷ್ಟ. ನಿಮ್ಮ ಸೊಸಿ ಮ್ಯಾಲ ಹೋಗ್ಲಿ. ಪದಕಾನೂ ಆಕೀನ ತಗೊಳ್ಳಲಿ, ಫೋಟೋಕ್ಕೂ ಛಂದ ಕಾಣತೈತಿ.”

“ಆತ ಬಿಡ್ರಿ.” ಕಾಶವ್ವ ತಲೆಯ ಮೇಲಿನ ಸೆರಗು ಎಳೆದುಕೊಂಡಳು. “ಹೋಗವಾ ಪೂರ್ಣಿಮಾ, ಮಂದಿ ಕಾಯಾಕತ್ತಾರ.”

ಪೂರ್ಣಿಮಾಳಿಗೆ ಮೊದಲು ಸಿಟ್ಟು ಬಂದದ್ದು ಅತ್ತೆಯ ಮೇಲೆಯೇ. “ಏನ್ ಬಿಡೂದ್ರಿ ಅತ್ತಿ? ಹೆಣಾ ತೊಳ್ಯಾಕ ನಾ ಹೋಗಿದ್ನೇನು?”

“ಹಳೇ ಪದ್ಧತಿ ನಮ್ಮವ್ವಾ,” ಎಂದಳು ಗಂಗಾದೇವಿ.

“ಯಾವ ಪದ್ಧತಿರಿ? ಮ್ಯಾಲ ಬಸವಣ್ಣನ ಫೋಟೋಕ್ಕ ಹಾರ ಹಾಕೀರಿ, ಕೆಳಗ ಹಿಂಗ ಮಾಡತೀರಿ! ಆವತ್ತ ಹೆಣಾ ಬಿದ್ದಿದ್ವಲ್ಲ, ಆವಾಗ ಯಾಕ ಮುತ್ತೈದೇರನ್ನ ಕರೀಲಿಲ್ಲ?”

ಮುಂದಿನ ಸಾಲಿನವರು ತಿರುಗಿ ನೋಡಿದರು. ಮೈಕಿನಲ್ಲಿ ಕಾಶವ್ವನ ಹೆಸರು ಬಂತು. ಪೂರ್ಣಿಮಾ ತಾಟು ಕಸಿದುಕೊಂಡಳು. “ಅತ್ತಿ, ಸೆರಗ ಒಡ್ಡ್ರಿ.”

ಗಂಡ ತೀರಿದಂದಿನಿಂದ ಯಾರ ಮುಂದೆಯೂ ಒಡ್ಡದ ಸೆರಗು. ಕಾಶವ್ವನ ಕೈ ಏಳಲಿಲ್ಲ.

“ಬ್ಯಾಡ, ಅಪಶಕುನ ಆಗತೈತಿ!” ಗಂಗಾದೇವಿ ಹಲ್ಲು ಕಚ್ಚಿ ಪಿಸುಗುಟ್ಟಿದಳು.

ಸೊಸೆಯ ಕೂಗಿನಿಂದ ಆಗದ್ದು ಆ ಪಿಸುಮಾತಿನಿಂದ ಆಯಿತು. ಕಾಶವ್ವನ ಮುಖ ಕೆಂಡವಾಯಿತು.

“ನನ್ನ ಕೈ ಹೆಣಕ್ಕ ನಡೀತೈತಿ, ಅಕ್ಕೀಗಿ ನಡ್ಯಂಗಿಲ್ಲ?” ಎಂದವಳೇ ಸೆರಗನ್ನು ಅಗಲಕ್ಕೆ ಹರವಿದಳು. “ತುಂಬವಾ. ಒಂದ ಕಾಳೂ ಉಳಸಬ್ಯಾಡ.”

ಪೂರ್ಣಿಮಾ ತಾಟನ್ನೇ ಬೋರಲು ಮಾಡಿ ಸುರಿದಳು. ಎರಡೂ ಕೈಯಲ್ಲಿ ಉಡಿ ಹಿಡಿದು ಕಾಶವ್ವ ಮೆಟ್ಟಿಲೇರಿದಳು. ಅಧಿಕಾರಿ ಪದಕ ಮುಂದೆ ಚಾಚಿದರು. ಅವಳು ಸೆರಗು ಬಿಡಲಿಲ್ಲ.

“ಕೈ ಖಾಲಿ ಇಲ್ರಿ ಸಾಹೇಬ್ರ. ಉಡಿಯಾಗ ಹಾಕ್ರಿ.”

ಅಧಿಕಾರಿ ಕೆಳಗೆ ನಿಂತಿದ್ದ ಗಂಗಾದೇವಿಯತ್ತ ನೋಡಿದರು. ಅವಳ ಕೈ ಬರಿದಾಗಿತ್ತು. ಅವರು ಬಾಗಿ ಪದಕವನ್ನು ಅಕ್ಕಿಯೊಳಗೆ ಇಟ್ಟರು.

ಫೋಟೋದವನು ನಗಲು ಹೇಳಿದ. ಕಾಶವ್ವ ನಗಲಿಲ್ಲ.